ಬೆಂಗಳೂರಿಂದ ತೀರ್ಥಹಳ್ಳಿಗೆ ಎರಡು ಆಕ್ಸೊಲಾಟಲ್, ಹೇಗೆ ತರೋದು?

ಏಪ್ರಿಲ್‌ನಲ್ಲಿ ಬೆಂಗಳೂರು ಬಿಟ್ಟು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬರುತ್ತಿದ್ದೇವೆ. ಜೊತೆಗೆ ಎರಡು ಆಕ್ಸೊಲಾಟಲ್ ಇವೆ (ಜೀವನಪೂರ್ತಿ ನೀರಲ್ಲೇ ಇರುವ, ನಾಲ್ಕು ಕಾಲಿನ, ನೋಡೋಕೆ ಹಲ್ಲಿಯಂಥ ಉಭಯಚರ), ಒಂದೊಂದೂ ಗೇಣುದ್ದ. ಕಾರಿನಲ್ಲಿ ಏಳೆಂಟು ಗಂಟೆ ದಾರಿ. ಬಕೆಟ್ ಸಾಕಾ? ದಾರಿಯಲ್ಲಿ ಏನಾದ್ರೂ ತಿನ್ನಿಸಬೇಕಾ? ತಂದವರಿದ್ದರೆ ಹೇಳಿ.

*

ಬಕೆಟ್ ಬೇಡವೇ ಬೇಡ ಮಾರಾಯ್ರೆ. ಶಿವಮೊಗ್ಗಕ್ಕೆ ತರುವಾಗ ನಾನು ಎರಡನ್ನೂ ಒಂದೇ ಬಕೆಟ್‌ಗೆ ಬಿಟ್ಟು, ಮೇಲೆ ಬಟ್ಟೆ ಕಟ್ಟಿ, ಹಿಂದಿನ ಸೀಟಿನ ಕೆಳಗೆ ಇಟ್ಟಿದ್ದೆ. ತರೀಕೆರೆಯಲ್ಲಿ ಟೀ ಕುಡಿಯಲು ನಿಲ್ಲಿಸಿ ನೋಡಿದರೆ ಚಿಕ್ಕದರ ಒಂದು ಮುಂಗಾಲಿನ ಪಾದವೇ ಇಲ್ಲ! ದೊಡ್ಡದು ಕಚ್ಚಿ ನುಂಗಿತ್ತು. ಇಕ್ಕಟ್ಟಿನಲ್ಲಿ ಮೂತಿಯ ಮುಂದೆ ಅಲ್ಲಾಡಿದ್ದೆಲ್ಲ ಅವಕ್ಕೆ ತಿಂಡಿ. ಪಾದ ಮತ್ತೆ ಬೆಳೆಯಿತು, ಅದು ಆ ಪ್ರಾಣಿಗೆ ಹುಟ್ಟಿನಿಂದ ಬಂದ ವಿದ್ಯೆ. ಆದರೆ ಮಗಳು ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ಒಂದಕ್ಕೊಂದು ಡಬ್ಬ, ಬಿಗಿ ಮುಚ್ಚಳ. ಮೈ ಪೂರ್ತಿ ಮುಳುಗುವಷ್ಟು ನೀರು ಹಾಕಿ, ಮೇಲೆ ಗಾಳಿಗೆ ಜಾಸ್ತಿ ಜಾಗ ಬಿಡಿ. ಕಲ್ಲು, ಗಿಡ, ಆಟಿಕೆ ಏನೂ ಬೇಡ, ಕುಲುಕಾಟಕ್ಕೆ ಮೈಗೆ ತಾಗುತ್ತವೆ. ಹೊರಡುವ ಎರಡು ದಿನ ಮೊದಲೇ ಊಟ ನಿಲ್ಲಿಸಿ. ಉಪವಾಸದಿಂದ ದೊಡ್ಡವಕ್ಕೆ ಏನೂ ಆಗೋದಿಲ್ಲ, ತಿಂದು ಅಷ್ಟು ಕಡಿಮೆ ನೀರಲ್ಲಿ ಗಲೀಜು ಮಾಡಿಕೊಂಡರೆ ಮಾತ್ರ ಅಮೋನಿಯಾ ಏರಿ ಕಿವಿರು ಸುಟ್ಟುಹೋಗುತ್ತೆ.

*

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಸೆಕೆ ವಿಷಯ ಬಿಟ್ಟರು. ಇವಕ್ಕೆ ಹಿತ 16ರಿಂದ 18 ಡಿಗ್ರಿ, 24 ದಾಟಿದರೆ ಒದ್ದಾಡುತ್ತವೆ. ಏಪ್ರಿಲ್ ಮಧ್ಯಾಹ್ನ ಕಡೂರು ಬಯಲಲ್ಲಿ ನಿಲ್ಲಿಸಿದ ಕಾರು ಒಲೆಯೇ ಅಲ್ವಾ? ರಾತ್ರಿ ಹೊರಡಿ. ಮೀನು ಮಾರ್ಕೆಟ್‌ನಲ್ಲಿ ಥರ್ಮಾಕೋಲ್ ಪೆಟ್ಟಿಗೆ ಸಿಗುತ್ತೆ, ಸೋಪು ಹಾಕದೆ ಬಿಸಿನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಎರಡು ಡಬ್ಬ ಒಳಗಿಟ್ಟು, ಮೂಲೆಗೆ ಅರ್ಧ ಲೀಟರ್ ನೀರಿನ ಬಾಟಲಿಯನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ನ್ಯೂಸ್‌ಪೇಪರ್ ಸುತ್ತಿ ಇಡಿ. ಡಬ್ಬಕ್ಕೆ ತಾಗಬಾರದು. ಐಸನ್ನು ನೇರ ನೀರಿಗೆ ಹಾಕಲೇಬೇಡಿ, ದಿಢೀರ್ ತಣ್ಣಗಾದರೂ ಕಷ್ಟವೇ. ಪೆಟ್ಟಿಗೆ ಮುಚ್ಚಿದರೆ ಒಳಗೆ ಕತ್ತಲು, ಕತ್ತಲಿದ್ದರೆ ಸುಮ್ನೆ ಬಿದ್ದಿರುತ್ತವೆ. ಪದೇ ಪದೇ ತೆಗೆದು ನೋಡಬೇಡಿ, ಮಕ್ಕಳಿಗೂ ಹೇಳಿ.

ಮತ್ತೆ, ಮಲ್ನಾಡು ಅಂದರೆ ತಂಪು ಅಂತ ಟ್ಯಾಂಕಿನ ನೀರು ತಣ್ಣಗಿಡುವ ಕೂಲರ್ ಮಾರಿ ಬರಬೇಡಿ. ನಾನು ಮಾರಿದ್ದೆ. ಬೇಸಿಗೆಯಲ್ಲಿ ದಿನಾ ಬಾಟಲಿ ಐಸ್ ಬದಲಿಸಿ ಸುಸ್ತಾಯಿತು.

*

ನನ್ನ ಅನುಭವದಲ್ಲಿ ದಾರಿಗಿಂತ ತಲುಪಿದ ಮೇಲೆ ತೊಂದರೆ ಜಾಸ್ತಿ. ಬೆಂಗಳೂರಲ್ಲಿ ನೀವು ಬೋರ್‌ವೆಲ್ ನೀರು ಹಾಕುತ್ತಿದ್ದರೆ ಅದು ಗಡಸು, ನಮ್ಮ ಬಾವಿ ನೀರು ಮೆದು. ಬೇಳೆ ಬೇಯೋಕೆ ಬಾವಿ ನೀರೇ ಚಂದ, ಆದರೆ ಆಕ್ಸೊಲಾಟಲ್‌ಗೆ ತುಸು ಗಡಸು ನೀರೇ ಹಿಡಿಸುತ್ತೆ. ಹಳೇ ಟ್ಯಾಂಕಿನ ನೀರನ್ನು ಎರಡು ಕ್ಯಾನ್ ತನ್ನಿ. ಮನೆಗೆ ಬಂದ ಮೇಲೆ ಹತ್ತು ನಿಮಿಷಕ್ಕೊಮ್ಮೆ ಒಂದೊಂದು ಲೋಟ ಹೊಸ ನೀರನ್ನು ಡಬ್ಬಕ್ಕೆ ಸೇರಿಸುತ್ತಾ ಒಂದು ಗಂಟೆ ಕಾಯಿರಿ. ಆಮೇಲೆ ಪ್ರಾಣಿ ಮಾತ್ರ ಟ್ಯಾಂಕಿಗೆ, ಡಬ್ಬದ ಕೊಳಕು ನೀರು ತೆಂಗಿನ ಬುಡಕ್ಕೆ. ನಲ್ಲಿ ನೀರಾದರೆ ಆಂಟಿ ಕ್ಲೋರಿನ್ ಹನಿ ಮರೆಯಬೇಡಿ.

ಇನ್ನೊಂದು, ಫಿಲ್ಟರ್ ಸ್ಪಂಜನ್ನು ತೊಳೆಯದೆ, ಒಣಗಿಸದೆ, ಹಳೇ ನೀರಲ್ಲೇ ಅದ್ದಿ ತನ್ನಿ. ಗಲೀಜು ತಿನ್ನುವ ಬ್ಯಾಕ್ಟೀರಿಯಾ ಇರುವುದೇ ಅದರಲ್ಲಿ. ಪ್ಯಾಕಿಂಗ್ ಗಡಿಬಿಡಿಯಲ್ಲಿ ನಮ್ಮ ಮನೆಯವರು ಅದನ್ನು ಚೆನ್ನಾಗಿ ಉಜ್ಜಿ ಬಿಸಿಲಿಗೆ ಒಣಹಾಕಿದ್ದರು, ಸ್ವಚ್ಛ ಮಾಡಿಕೊಟ್ಟೆ ಅಂತ ಖುಷಿ ಬೇರೆ! ಒಂದು ತಿಂಗಳು ದಿನಾ ನೀರು ಬದಲಿಸಿದೆ.

*

ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ? ಸೈಟಿಸ್ (ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ಪ್ರಾಣಿ ಇದು. ಆ ಕಾಗದದ ಒಂದು ಪ್ರತಿ ಕಾರಿನಲ್ಲಿರಲಿ.

*

ಕೇಳಿದವನು ನಾನೇ. ನೋಂದಣಿ ಆಗಿದೆ. ಸ್ಪಂಜು ಇವತ್ತೇ ತೊಳೆಯೋಣ ಅಂತಿದ್ದೆ, ಬಚಾವಾದೆ. ಥರ್ಮಾಕೋಲ್ ಪೆಟ್ಟಿಗೆ ಹುಡುಕೋಕೆ ಹೊರಟೆ.