ಕಂಡದ್ದನ್ನೆಲ್ಲ ನುಂಗುವ ನಾಯಿ, ಬೆಕ್ಕುಗಳು: ಯಾವಾಗ ಕಾಯಬಹುದು, ಯಾವಾಗ ಓಡಬೇಕು?

ಪ್ರಶ್ನೆ, ಸಾಗರದಿಂದ

ನಮ್ಮ ಮನೆಯಲ್ಲಿ ಎಂಟು ತಿಂಗಳ ನಾಯಿಮರಿಯೂ ಅದಕ್ಕಿಂತ ಚಿಕ್ಕದಾದ ಬೆಕ್ಕಿನ ಮರಿಯೂ ಇವೆ. ಚಪ್ಪಲಿ, ಸೋಪು, ದೇವರ ಮನೆಯ ಹೂವು, ಕಸದ ಬುಟ್ಟಿ, ಯಾವುದನ್ನೂ ಅವು ಬಿಟ್ಟಿಲ್ಲ. ಹಗಲಿನಲ್ಲಿ ಪಶುವೈದ್ಯರು ಸಿಗುತ್ತಾರೆ, ರಾತ್ರಿ ಕಷ್ಟ. ಯಾವುದಕ್ಕೆ ಬೆಳಗಿನವರೆಗೆ ಕಾಯಬಹುದು, ಯಾವುದಕ್ಕೆ ಕಾಯಲೇಬಾರದು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ, ಮೈಸೂರಿನಿಂದ

ದೇವರ ಮನೆಯ ಹೂವು ಎಂದು ಬರೆದಿದ್ದೀರಿ. ಬೆಕ್ಕಿರುವ ಮನೆಯವರು ಹೂವಿಗಿಂತ ಅದನ್ನು ಕಟ್ಟಿದ ದಾರಕ್ಕೆ ಹೆಚ್ಚು ಹೆದರಬೇಕು. ಬೆಕ್ಕಿನ ನಾಲಿಗೆಯ ಮೇಲಿನ ಸಣ್ಣ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ, ಬಾಯಿಗೆ ಹೋದ ದಾರವನ್ನು ಅದು ಉಗುಳಲಾರದೆ ನುಂಗುತ್ತಲೇ ಹೋಗುತ್ತದೆ. ನಮ್ಮ ಬೆಕ್ಕು ಸೇವಂತಿಗೆ ಮಾಲೆಯನ್ನು ಎಳೆದಾಡಿದ ಮರುದಿನ ಊಟ ಬಿಟ್ಟು, ವಾಂತಿ ಮಾಡಿಕೊಂಡು, ಮಂಚದ ಕೆಳಗೆ ಸೇರಿಬಿಟ್ಟಿತು. ವೈದ್ಯರು ಗಲ್ಲದಡಿ ಹೆಬ್ಬೆರಳಿಟ್ಟು ಒತ್ತಿ ನಾಲಿಗೆಯನ್ನು ಮೇಲೆತ್ತಿದಾಗ, ಅದರ ಬುಡಕ್ಕೆ ಸುತ್ತಿಕೊಂಡ ಬಿಳಿ ದಾರ ಮಾಂಸದೊಳಕ್ಕೆ ಇಳಿದಿರುವುದು ಕಂಡಿತು. ಒಂದು ತುದಿ ಹೀಗೆ ಸಿಕ್ಕಿಕೊಂಡಿರುವಾಗ ಉಳಿದ ದಾರವನ್ನು ಕರುಳು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಆಗ ಕರುಳು ಲಂಗದ ನೆರಿಗೆಯಂತೆ ಸುಕ್ಕುಗಟ್ಟಿ, ಬಿಗಿದ ದಾರ ಅದರ ಗೋಡೆಯನ್ನೇ ಕೊಯ್ಯುತ್ತದೆ. ಆದ್ದರಿಂದ ಬಾಯಿಯಲ್ಲಾಗಲಿ ಹಿಂಬದಿಯಲ್ಲಾಗಲಿ ದಾರದ ತುದಿ ಕಂಡರೆ ಎಳೆಯಲೇಬಾರದು, ಬೆಳಗಿನವರೆಗೆ ಕಾಯಲೂಬಾರದು. ನಮ್ಮ ಬೆಕ್ಕು ಶಸ್ತ್ರಚಿಕಿತ್ಸೆಯಿಂದ ಉಳಿಯಿತು. ಈಗ ನಿರ್ಮಾಲ್ಯ ನೇರವಾಗಿ ಮುಚ್ಚಳದ ಡಬ್ಬಿಗೆ ಹೋಗುತ್ತದೆ.

ಉತ್ತರ, ತೀರ್ಥಹಳ್ಳಿಯಿಂದ

ಏನು ತಿಂದರೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂದು ಅಕ್ಕಪಕ್ಕದವರು ಹೇಳಿಯೇ ಹೇಳುತ್ತಾರೆ. ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಆ ಉಪ್ಪಿನಿಂದ ರಕ್ತದಲ್ಲಿ ಸೋಡಿಯಂ ಏರಿದರೆ ಸೆಳವು ಬರಬಹುದು. ಆಸಿಡ್‌ನಂಥದ್ದು ಬಂದ ದಾರಿಯಲ್ಲೇ ಹಿಂದಿರುಗಿದರೆ ಗಂಟಲನ್ನು ಇನ್ನೊಮ್ಮೆ ಸುಡುತ್ತದೆ. ಸೀಮೆಎಣ್ಣೆ ಕುಡಿದಿದ್ದರೆ, ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಮಳೆಗಾಲದಲ್ಲಿ ನಮ್ಮ ಕಡೆಯ ನಾಯಿಗಳಿಗೆ ನೆಲಗಪ್ಪೆಯ ಚಪಲ. ಕಚ್ಚಿದೊಡನೆ ಅದರ ಕಣ್ಣಿನ ಹಿಂದಿನ ಗ್ರಂಥಿಗಳಿಂದ ವಿಷ ಒಸರಿ, ನಾಯಿ ನೊರೆನೊರೆಯಾಗಿ ಜೊಲ್ಲು ಸುರಿಸುತ್ತದೆ. ಮುಖವನ್ನು ನೆಲದ ಕಡೆಗೆ ಬಾಗಿಸಿ, ನೀರು ಗಂಟಲಿಗೆ ಇಳಿಯದೆ ಹೊರಕ್ಕೆ ಹರಿಯುವಂತೆ ಬಾಯಿಯ ಪಕ್ಕದಿಂದ ತೊಳೆದು, ಒಸಡುಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಜೊಲ್ಲು ಬೇಗ ನಿಂತು ನಾಯಿ ಎಂದಿನಂತೆ ಓಡಾಡಿದರೆ ಕಣ್ಣಿಟ್ಟುಕೊಂಡು ಕಾಯಬಹುದು. ನಡುಕ, ಓಲಾಟ ಅಥವಾ ಮೇಲಿಂದ ಮೇಲೆ ವಾಂತಿ ಕಂಡರೆ ಹೊರಡಬೇಕು.

ಇಲಿ ಪಾಷಾಣದ ವಿಷಯದಲ್ಲಿ ಮಾತ್ರ ಲಕ್ಷಣಗಳಿಗಾಗಿ ಕಾಯುವುದೇ ಅಪಾಯ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯದನ್ನು ತಿಂದ ನಾಯಿ ಎರಡು ಮೂರು ದಿನ ಆರಾಮಾಗಿ ಆಡಿಕೊಂಡಿದ್ದು, ಆಮೇಲೆ ಒಸಡು ಬಿಳಿಚಿ, ಒಳಗೊಳಗೇ ರಕ್ತಸ್ರಾವವಾಗಿ ಕುಸಿಯುತ್ತದೆ. ಮೊದಲೇ ತೋರಿಸಿದರೆ ವಿಟಮಿನ್ ಕೆ1 ಕೊಟ್ಟು ಉಳಿಸಿಕೊಳ್ಳಬಹುದು. ಇನ್ನೊಂದು ಬಗೆಯದು ಜಿಂಕ್ ಫಾಸ್ಫೈಡ್. ಇದು ಹೊಟ್ಟೆಯ ಆಮ್ಲದೊಡನೆ ಸೇರಿ ಫಾಸ್ಫೀನ್ ಅನಿಲವಾಗುವುದರಿಂದ ಗಂಟೆಗಳಲ್ಲೇ ಕೊಲ್ಲಬಲ್ಲದು, ಆ ನಾಯಿಯ ವಾಂತಿಯ ವಾಸನೆ ಮನುಷ್ಯರಿಗೂ ಒಳ್ಳೆಯದಲ್ಲ. ಕಾರಿನಲ್ಲಿ ಒಯ್ಯುವಾಗ ಕಿಟಕಿಗಳನ್ನು ತೆರೆದಿಡಿ. ಇವೆರಡರ ಚಿಕಿತ್ಸೆ ಬೇರೆಬೇರೆಯಾದ್ದರಿಂದ, ಹರಿದು ಚಿಂದಿಯಾಗಿದ್ದರೂ ಆ ಪೊಟ್ಟಣವನ್ನು ವೈದ್ಯರ ಬಳಿಗೆ ಕೊಂಡೊಯ್ಯಬೇಕು.

ಉತ್ತರ, ಬೆಂಗಳೂರಿನಿಂದ

ಮನೆಗೆ ಬರುವ ನೆಂಟರೂ ಒಂದು ಅಪಾಯವೇ. ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲದು, ಹುಳಿಯಲ್ಲಿನ ಈರುಳ್ಳಿ ನಾಯಿ, ಬೆಕ್ಕುಗಳೆರಡರ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ ಎಂದರೆ ನಮ್ಮ ಅತ್ತೆಯವರು ಇಂದಿಗೂ ನಂಬುವುದಿಲ್ಲ. ಹಬ್ಬದ ದಿನ ನಾಯಿಯನ್ನು ಕೋಣೆಯಲ್ಲಿ ಕೂಡಿಹಾಕುವುದೇ ನಮಗೆ ಉಳಿದ ಉಪಾಯ. ಜ್ವರವೆಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬೇಡಿ, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಮಾವಿನ ಕಾಲದಲ್ಲಿ ನಾಯಿ ಓಟೆಯನ್ನು ನುಂಗಿದ್ದು, ಆಮೇಲೆ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಅದು ಕರುಳಿನಲ್ಲಿ ಸಿಕ್ಕಿಕೊಂಡಿರುವ ಸಂಭವವೇ ಹೆಚ್ಚು.

ರಾತ್ರಿಯ ಸಮಸ್ಯೆಗೆ ಹಗಲಿನಲ್ಲೇ ದಾರಿ ಹುಡುಕಿಕೊಳ್ಳಬೇಕು. ಸರ್ಕಾರದ ಸಂಚಾರಿ ಪಶುಚಿಕಿತ್ಸೆಯ 1962 ಸಂಖ್ಯೆ ಮುಖ್ಯವಾಗಿ ದನಕರುಗಳಿಗಾಗಿ ಇರುವುದರಿಂದ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ನಿಮಗೆ ಹತ್ತಿರದ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಅಲ್ಲಿನ ಚಿಕಿತ್ಸೆಯ ವೇಳೆಯನ್ನೂ, ರಾತ್ರಿ ಕರೆ ಸ್ವೀಕರಿಸುವ ವೈದ್ಯರ ಸಂಖ್ಯೆಯನ್ನೂ ಈಗಲೇ ವಿಚಾರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.

ಉತ್ತರ, ಉಡುಪಿಯಿಂದ

ಇನ್ನೊಂದು ಮಾತು. ನೋವಿನಲ್ಲಿರುವ ಪ್ರಾಣಿ ಸಾಕಿದವರನ್ನೂ ಕಚ್ಚುತ್ತದೆ. ಬೆಕ್ಕನ್ನು ದಪ್ಪ ಟವೆಲಿನಲ್ಲಿ ಸುತ್ತಿಯೇ ಎತ್ತಿಕೊಳ್ಳಿ. ಕಚ್ಚಿದರೆ, ಪರಚಿದರೆ, ಲಸಿಕೆ ಹಾಕಿಸಿದ ಪ್ರಾಣಿಯೇ ಆಗಿದ್ದರೂ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ರೇಬೀಸ್ ಚುಚ್ಚುಮದ್ದಿನ ಬಗ್ಗೆ ಅಂದೇ ನಿಮ್ಮ ವೈದ್ಯರನ್ನು ಕೇಳಿ.