ಬದಿಯಡ್ಕ ಹತ್ತಿರ ಎರಡು ಕುರ್ಚಿಯ ಸೆಲೂನು: ಕೆಂಪು ನೀರು, ಕರೆಂಟು, ಕೂದಲ ಕಸ, ಲೆಕ್ಕ

ಅಡ್ಕದ_ಹುಡುಗ:

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ರಸ್ತೆ ಬದಿಯ ಕಟ್ಟಡದಲ್ಲಿ 12 ಅಡಿ ಅಗಲ 15 ಅಡಿ ಉದ್ದದ ಕೋಣೆಗೆ ಮಾತಾಗಿದೆ. ಗಂಡಸರ ಸೆಲೂನು, ಎರಡು ಕುರ್ಚಿ, ತಲೆ ತೊಳೆಯುವ ಬೇಸಿನ್ ಒಂದು. ಕೆಲಸ ಗೊತ್ತುಂಟು, ಅಂಗಡಿ ನಡೆಸುವುದು ಹೊಸತು. ಬೋರಿನ ನೀರು ಬಕೆಟ್ಟಿನಲ್ಲಿ ಇಟ್ಟರೆ ಕೆಂಪಾಗುತ್ತದೆ. ಕರೆಂಟು ಈಗ ಇರುವುದು ಮಾಲಕರ ಮೇಲಿನ ಮನೆಯ ಮೀಟರಿನಿಂದ. ಎರಡನೇ ಕುರ್ಚಿಗೆ ಜನ ಇಡುವುದಾದರೆ ಸಂಬಳವಾ, ಪಾಲಾ? ಎಸಿ ಬೇಕಾ? ಟವೆಲ್ ಎಷ್ಟು? ಕೂದಲು ಎಲ್ಲಿ ಹಾಕುವುದು? "ಗ್ರಾಹಕರೇ ದೇವರು" ಅಂತ ಬರೆಯಬೇಡಿ ಮಾರಾಯ್ರೆ, ಲೆಕ್ಕ ಹೇಳಿ.

ಪೈಪು_ಪೆರ್ಲ:

ಮೊದಲು ನೀರು. ಕನ್ನಡಿ, ಲೈಟು, ಫಾಲ್ಸ್ ಸೀಲಿಂಗ್ ಎಲ್ಲ ಆಮೇಲೆ.

ಬೋರಿನಿಂದ ಬರುವಾಗ ತಿಳಿಯಾಗಿದ್ದು ನಿಂತ ಮೇಲೆ ಕೆಂಪಾದರೆ ಅದು ಕರಗಿದ ಕಬ್ಬಿಣ. ಗಾಳಿ ತಾಗಿದಾಗ ತುಕ್ಕಾಗಿ ಬೇರೆಯಾಗುತ್ತದೆ. ಒಂದು ಬಾಟಲಿ ನೀರು ಲ್ಯಾಬಿಗೆ ಕೊಟ್ಟು ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ನೋಡಿಸಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 1 ಮಿಲಿಗ್ರಾಂ ತನಕ ಒಪ್ಪುತ್ತಾರೆ, ಆದರೆ 0.3 ದಾಟಿದರೇ ಬೇಸಿನ್ನಿಗೂ ಬಟ್ಟೆಗೂ ಕಲೆ ಹಿಡಿಯಲು ಶುರು. ಮಾಲಕರ ಹತ್ತಿರ ತೆರೆದ ಬಾವಿಯೋ ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ) ನೀರೋ ಇದ್ದರೆ ಅದನ್ನೂ ಪರೀಕ್ಷೆಗೆ ಕೊಡಿ. ಒಳ್ಳೆಯದು ಬಂದರೆ ಅಲ್ಲಿಂದಲೇ ಅರ್ಧ ಇಂಚಿನ ಪೈಪು ಎಳೆಯುವುದು ಯಾವ ಫಿಲ್ಟರಿಗಿಂತಲೂ ಅಗ್ಗ.

ಬೋರೇ ಗತಿ ಎಂದಾದರೆ ಎರಡು ಟ್ಯಾಂಕಿ ಇಡಿ. ಮೇಲಿನದು 500 ಲೀಟರ್. ಅದಕ್ಕೆ ನೀರು ಬೀಳುವ ಪೈಪಿನ ತುದಿಗೆ ಶವರಿನ ಹಾಗೆ ತೂತು ಕೊರೆದ ಮುಚ್ಚಳ ಹಾಕಿ, ಹನಿಹನಿಯಾಗಿ ಬೀಳಲಿ. ಗಾಳಿ ಸೇರಿದಷ್ಟೂ ಕಬ್ಬಿಣ ಬೇಗ ಬೇರೆಯಾಗುತ್ತದೆ. ರಾತ್ರಿ ತುಂಬಿಸಿ ಬೆಳಗ್ಗಿನ ತನಕ ಬಿಡಬೇಕು. ಕೆಳಗಿನ 300 ಲೀಟರಿನ ಟ್ಯಾಂಕಿಗೆ ಹೋಗುವ ಪೈಪು ಮೇಲಿನದರ ತಳದಿಂದ ಅರ್ಧ ಅಡಿ ಎತ್ತರದಲ್ಲಿರಲಿ, ಇಲ್ಲದಿದ್ದರೆ ತಳದ ಕೆಸರೇ ಬೇಸಿನ್ನಿಗೆ ಬರುತ್ತದೆ. ತಳದಲ್ಲಿ ಬೇರೆ ವಾಲ್ವ್ ಇಟ್ಟು ವಾರಕ್ಕೊಮ್ಮೆ ಕೆಸರು ಬಿಡಿ. ಕಬ್ಬಿಣ 3 ಮಿಲಿಗ್ರಾಂ ದಾಟಿದ್ದರೆ ಇದಿಷ್ಟೇ ಸಾಲದು. ಉಲ್ಟಾ ನೀರು ಬಿಟ್ಟು ತೊಳೆಯಲು ಆಗುವ ಕಬ್ಬಿಣದ ಫಿಲ್ಟರ್ ಬೇಕು, ಮತ್ತೆ ಅದನ್ನು ತೊಳೆಯುವ ಶಿಸ್ತೂ ಬೇಕು. ತೊಳೆಯದ ಫಿಲ್ಟರಿನಿಂದ ಒಂದು ದಿನ ಇದ್ದಕ್ಕಿದ್ದ ಹಾಗೆ ಚಹಾದ ಬಣ್ಣದ ನೀರು ಬರುತ್ತದೆ, ಅದೂ ಗಿರಾಕಿಯ ತಲೆಗೆ.

ದಿನದ ಖರ್ಚು: ಒಂದು ತಲೆಗೆ ಸುಮಾರು 20 ಲೀಟರ್ ಹಿಡಿಯಿರಿ. 10 ತಲೆಗೆ 200, ಟವೆಲ್ ಒಗೆಯಲು 150, ಕೈ ತೊಳೆಯುವುದು, ನೆಲ ಒರೆಸುವುದು 50. ಒಟ್ಟು 400. ಅದಕ್ಕೇ 500ರ ಟ್ಯಾಂಕಿ ಹೇಳಿದ್ದು.

ಬಿಳಿ ಟವೆಲ್ ಹಳದಿಯಾಯಿತೆಂದು ಬ್ಲೀಚಿಂಗ್ ಹಾಕಬೇಡಿ. ಕ್ಲೋರಿನ್ ಕಬ್ಬಿಣವನ್ನು ನೂಲಿನಲ್ಲೇ ತುಕ್ಕಾಗಿ ಕೂರಿಸುತ್ತದೆ, ಹಳದಿ ಹೋಗಿ ಕಂದು ಆಗುತ್ತದೆ. ಆ ಕಲೆಗೆ ಸಿಟ್ರಿಕ್ ಆಮ್ಲ ಆಗುತ್ತದೆ. ಕಡು ಕಂದು ಅಥವಾ ಕಪ್ಪು ಟವೆಲ್ಲೇ ತೆಗೆದುಕೊಂಡರೆ ಈ ರಗಳೆಯೇ ಇಲ್ಲ, ಡೈ ತಾಗಿದರೂ ಕಾಣುವುದಿಲ್ಲ.

ಬೇಸಿನ್ನಿನ ಶವರಿಗೆ ಒತ್ತಡ ಬೇಕು. ಟ್ಯಾಂಕಿ ಬೇಸಿನ್ನಿಗಿಂತ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್ ಮಾತ್ರ. ಕೆಲವು ಇನ್‌ಸ್ಟಂಟ್ ಗೀಸರ್‌ಗಳು ಅಷ್ಟಕ್ಕೆ ಆನ್ ಆಗುವುದಿಲ್ಲ, ಕೊಳ್ಳುವ ಮೊದಲು ಡಬ್ಬಿಯ ಮೇಲೆ ಕನಿಷ್ಠ ಒತ್ತಡ ಓದಿ. ಬೇಸಿನ್ನಿನ ಕೆಳಗೆ ಬಾಟಲ್ ಟ್ರ್ಯಾಪ್ (ವಾಸನೆ ತಡೆಯಲು ನೀರು ನಿಲ್ಲುವ ಬಾಟಲಿಯಂಥ ತಿರುವು) ಬೇಡ, ಕೂದಲೂ ಶಾಂಪೂ ಜಿಡ್ಡೂ ಸೇರಿ ಬೇಗ ಕಟ್ಟುತ್ತದೆ. ಬಿಚ್ಚಲು ಆಗುವ ಪಿ ಟ್ರ್ಯಾಪ್ (ಬಾಗಿದ ಪೈಪಿನದು), ಅದರ ಮೇಲೆ ತೆಗೆಯುವ ಜಾಲರಿ. ಜಾಲರಿ ದಿನಾ ತೆಗೆಯಬೇಕು.

ಸೆಕ್ಷನ್_ಲೈನು (ಮುಳ್ಳೇರಿಯ):

ಮೇಲಿನ ಮನೆಯ ಮೀಟರಿನಿಂದ ಸೆಲೂನು ನಡೆಸಬೇಡಿ. ಮನೆಯ ದರದಲ್ಲಿ ವ್ಯಾಪಾರ ಮಾಡಿದರೆ ವಿದ್ಯುತ್ ಕಾಯ್ದೆ 2003ರ 126ನೇ ಕಲಮಿನಲ್ಲಿ ಎರಡು ಪಟ್ಟು ದರದಲ್ಲಿ ಹಿಂದಿನ ಲೆಕ್ಕ ಹಾಕುತ್ತಾರೆ. ನೋಟಿಸು ಬರುವುದು ಮಾಲಕರ ಹೆಸರಿಗೆ, ಜಗಳ ಬರುವುದು ನಿಮಗೆ. ಕೋಣೆಗೆ ಬೇರೆ ಕನೆಕ್ಷನ್, ವಾಣಿಜ್ಯ ದರ. ಅದರ ಜೊತೆಗೇ ಪಂಚಾಯತಿನ ದಾಖಲೆಯಲ್ಲಿ ಆ ಕೋಣೆ ಅಂಗಡಿ ಎಂದೇ ಉಂಟಾ ನೋಡಿ. ವಾಸದ ಮನೆ ಎಂದಿದ್ದರೆ ಲೈಸೆನ್ಸಿಗೂ ತೊಡಕು.

ಲೋಡು ಹೀಗೆ ಬರುತ್ತದೆ: 3 ಲೀಟರಿನ ಗೀಸರ್ 3000 ವಾಟ್, ಹೇರ್ ಡ್ರೈಯರ್ 1500ರಿಂದ 2000, ಒಂದೂವರೆ ಟನ್ನಿನ ಎಸಿ ಸುಮಾರು 1600, ಲೈಟು ಫ್ಯಾನು ಎಲ್ಲ ಸೇರಿ 250. ಒಟ್ಟಿಗೆ ಓಡಿದರೆ 6350ರಿಂದ 6850 ಆಗುತ್ತದೆ. ಅರ್ಜಿಯಲ್ಲಿ ನಿಜವಾದ ಲೋಡೇ ಬರೆಯಿರಿ. ಗೀಸರಿಗೆ ಒಂದು, ಎಸಿಗೆ ಒಂದು, ಡ್ರೈಯರಿನ ಪಾಯಿಂಟಿಗೆ ಒಂದು, ಹೀಗೆ ಪ್ರತ್ಯೇಕ ಎಂಸಿಬಿ (ಲೋಡು ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚು). ಮೂರೂ 16 ಆಂಪಿಯರ್ ಸಾಕೆಟ್, ತಂತಿ 4 ಚದರ ಮಿಲಿಮೀಟರ್. ಕನ್ನಡಿಯ ಕೆಳಗೆ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಡ್ರೈಯರು, ಸ್ಟ್ರೈಟನರು, ಚಾರ್ಜರು ಎಲ್ಲ ಸಿಕ್ಕಿಸುವುದು ಎಲ್ಲ ಕಡೆ ಕಾಣುವ ಚಾಳಿ. ಪ್ಲಗ್ ಕಪ್ಪಾಗಿ ಕರಗುವುದು ಅಲ್ಲೇ. ಬೇಸಿನ್ ಇರುವ ಕಾರಣ ಸೋರುವ ಕರೆಂಟನ್ನು ಕೂಡಲೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಬಾಗಿಲು ತೆರೆಯಬೇಡಿ. ಒದ್ದೆ ಕೈ, ಒದ್ದೆ ತಲೆ, ಒದ್ದೆ ನೆಲ.

ಮಳೆಗಾಲದಲ್ಲಿ ಕರೆಂಟು ಹೋಗುವುದು ಗೊತ್ತೇ ಉಂಟಲ್ಲ. 150 ಆಂಪಿಯರ್ ಅವರ್ ಬ್ಯಾಟರಿ 12 ವೋಲ್ಟಿನಲ್ಲಿ 1800 ವಾಟ್ ಅವರ್, ಬಳಸಲು ಸಿಗುವುದು 1200ರ ಹತ್ತಿರ. ಬಿಎಲ್‌ಡಿಸಿ ಫ್ಯಾನು (ಕರೆಂಟು ಕಡಿಮೆ ಎಳೆಯುವ ಜಾತಿ) ಎರಡು, ಲೈಟು ನಾಲ್ಕು, ಕ್ಲಿಪ್ಪರಿನ ಚಾರ್ಜರು, ಹೆಚ್ಚೆಂದರೆ 150 ವಾಟ್. ಏಳೆಂಟು ಗಂಟೆ ಕಳೆಯುತ್ತದೆ. ಡ್ರೈಯರ್ ಮಾತ್ರ ಇನ್ವರ್ಟರಿಗೆ ಸಿಕ್ಕಿಸಬೇಡಿ, ಟ್ರಿಪ್ ಆಗುತ್ತದೆ.

ಎಸಿ ಮೊದಲ ವರ್ಷ ಬೇಡ ಎಂದು ನನ್ನ ಅಭಿಪ್ರಾಯ. ಪೈಪಿಗೂ ತಂತಿಗೂ ದಾರಿ ಮಾತ್ರ ಈಗಲೇ ಬಿಡಿಸಿ.

ಕುಂಬಳೆ_ಕತ್ತರಿ:

ಎಸಿ ವಿಷಯದಲ್ಲಿ ಒಪ್ಪುವುದಿಲ್ಲ ಅಣ್ಣ. ಏಪ್ರಿಲ್, ಮೇಯಲ್ಲಿ ಬೆವರಿದ ಕುತ್ತಿಗೆಗೆ ಕೂದಲು ಅಂಟುತ್ತದೆ, ಕ್ಲಿಪ್ಪರ್ ಜಾರುವುದಿಲ್ಲ, ಒಂದು ಕಟ್ಟಿಂಗಿಗೆ ಐದು ನಿಮಿಷ ಹೆಚ್ಚು. ರಜೆಗೆ ಗಲ್ಫಿನಿಂದ ಬಂದವರು ಬಾಗಿಲಿನಲ್ಲೇ ನೋಡಿ ಹೋಗುತ್ತಾರೆ. ಹಾಕುವುದಾದರೆ ಎಸಿಯ ಜಾಲರಿಯನ್ನು 15 ದಿನಕ್ಕೊಮ್ಮೆ ತೆಗೆದು ತೊಳೆಯಿರಿ. ಸಣ್ಣ ಕೂದಲು ಅಲ್ಲಿ ಕಂಬಳಿಯ ಹಾಗೆ ಹೆಣೆದುಕೊಂಡರೆ ತಂಪೂ ಇಲ್ಲ, ಬಿಲ್ಲೂ ಹೆಚ್ಚು.

ಈಗ ಸಾಮಾನು. ಕ್ಲಿಪ್ಪರಿಗೆ ಎಣ್ಣೆ ದಿನಾ, ಕೆಲಸ ಹೆಚ್ಚಿದ್ದರೆ ದಿನಕ್ಕೆರಡು ಸಲ, ಹಲ್ಲಿನ ಸಾಲಿಗೂ ಎರಡು ಬದಿಗೂ ಒಂದೊಂದು ಹನಿ. ತೆಂಗಿನೆಣ್ಣೆ ಹಾಕಬೇಡಿ. ನಮ್ಮ ಊರಿನಲ್ಲಿ ಕೈಗೆ ಸಿಗುವುದು ಅದೇ, ಆದರೆ ಎಸಿ ಕೋಣೆಯಲ್ಲಿ ಗಟ್ಟಿಯಾಗುತ್ತದೆ, ಆಮೇಲೆ ಅಂಟಾಗಿ ಕೂದಲ ಪುಡಿ ಹಿಡಿಯುತ್ತದೆ, ಬ್ಲೇಡು ಬಿಸಿಯಾಗುತ್ತದೆ. ಕ್ಲಿಪ್ಪರಿನ ಎಣ್ಣೆ ಮುಗಿದರೆ ಹೊಲಿಗೆ ಮೆಶಿನಿನ ಎಣ್ಣೆ ನಡೆಯುತ್ತದೆ. ಬಿಚ್ಚಿ ಜೋಡಿಸುವಾಗ ಓಡಾಡುವ ಬ್ಲೇಡು ನಿಂತ ಬ್ಲೇಡಿಗಿಂತ ಅರ್ಧ ಮಿಲಿಮೀಟರ್ ಹಿಂದೆ ಇರಬೇಕು. ಮುಂದೆ ಬಂದರೆ ಚರ್ಮ ಕೊಯ್ಯುತ್ತದೆ, ತೀರಾ ಹಿಂದಾದರೆ ಕೂದಲು ಎಳೆಯುತ್ತದೆ. ಸ್ಕ್ರೂ ಬಿಗಿಯುವ ಮೊದಲು ಬೆಳಕಿಗೆ ಹಿಡಿದು ನೋಡಿ.

ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ: ಬ್ರಶ್ಶಿನಲ್ಲಿ ಕೂದಲು ತೆಗೆದು, 70 ಶೇಕಡಾ ಆಲ್ಕೋಹಾಲ್ ಸ್ಪ್ರೇ ಮಾಡಿ, ಒರೆಸದೆ ತಾನಾಗಿ ಒಣಗಲು ಬಿಡಿ. ಕೂಡಲೇ ಒರೆಸಿದರೆ ಸ್ಪ್ರೇ ಮಾಡಿದ್ದು ದಂಡ. ಆಲ್ಕೋಹಾಲ್ ಎಣ್ಣೆಯನ್ನೂ ತೆಗೆಯುತ್ತದೆ, ಆದ್ದರಿಂದ ಪುನಃ ಒಂದು ಹನಿ. ಕುರ್ಚಿಗೆ ಎರಡು ಕ್ಲಿಪ್ಪರ್ ಇದ್ದರೆ ಒಂದು ಒಣಗುವಾಗ ಇನ್ನೊಂದು ಕೆಲಸ ಮಾಡುತ್ತದೆ. ತಲೆಯಲ್ಲೋ ಗಡ್ಡದಲ್ಲೋ ಹುಳುಕಡ್ಡಿಯ ಉಂಗುರ ಕಂಡರೆ ಮೆಶಿನ್ ಮುಟ್ಟಿಸಬೇಡಿ, ಡಾಕ್ಟರಿಗೆ ತೋರಿಸಿ ಬನ್ನಿ ಎಂದು ಮೆಲ್ಲಗೆ ಹೇಳಿ. ಸಿಟ್ಟಾದರೂ ಪರವಾಗಿಲ್ಲ.

ಬ್ಲೇಡು ಕಾಗದದ ಒಳಗೇ ಇರುವಾಗ ಮಡಚಿ ಎರಡು ಮಾಡಿ, ಬೆರಳು ಉಳಿಯುತ್ತದೆ. ಒಂದು ಅರ್ಧ ಒಬ್ಬರಿಗೆ, ಅವರ ಕಣ್ಣೆದುರೇ ಹಾಕಿ, ಕಣ್ಣೆದುರೇ ತೆಗೆಯಿರಿ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಬದುಕುತ್ತದೆ. ಅದೇ ಕಾರಣಕ್ಕೆ ಎಲ್ಲರ ಗಲ್ಲಕ್ಕೂ ಒಂದೇ ಪಟಿಕದ ಕಲ್ಲು ಉಜ್ಜುವುದನ್ನು ಬಿಡಬೇಕು. ಪಟಿಕ ಕರಗಿಸಿದ ನೀರನ್ನು ಸ್ಪ್ರೇ ಬಾಟಲಿಯಲ್ಲಿಡಿ. ಹಳೆ ಬ್ಲೇಡು ಚುಚ್ಚದ ಗಟ್ಟಿ ಡಬ್ಬಿಗೆ. ಸ್ಟೀಲ್ ಕತ್ತರಿಯನ್ನು ಬ್ಲೀಚಿನಲ್ಲಿ ಮುಳುಗಿಸಿದರೆ ತುಕ್ಕು ಹಿಡಿಯುತ್ತದೆ, ಸೆಲೂನಿಗೆಂದೇ ಬರುವ ದ್ರಾವಣದಲ್ಲಿ 10 ನಿಮಿಷ ಇಟ್ಟು ತೊಳೆದು ಒರೆಸಿಡಿ.

ಕತ್ತರಿಯ ಬಿಗಿ ನೋಡುವುದು ಸುಲಭ: ಒಂದು ಅಲಗನ್ನು ಹಿಡಿದು ಇನ್ನೊಂದನ್ನು ನೇರ ಎತ್ತಿ ಬಿಡಿ. ಪೂರ್ತಿ ಮುಚ್ಚಿದರೆ ಸಡಿಲ, ಎತ್ತಿದಲ್ಲೇ ನಿಂತರೆ ಬಿಗಿ, ನಡುವೆ ಎಲ್ಲೋ ನಿಂತರೆ ಸರಿ. ಒಳ್ಳೆ ಕತ್ತರಿಯನ್ನು ದಾರಿಯಲ್ಲಿ ಸಾಣೆ ಹಿಡಿಯುವವರಿಗೆ ಕೊಡಬೇಡಿ, ಅಂಚಿನ ಉಬ್ಬು ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ.

ಅಡ್ಕದ_ಹುಡುಗ:

ಬೇಕಾದ್ದೇ ಸಿಕ್ಕಿತು. ಟವೆಲ್ ಎಷ್ಟು ಎಂದು ಯಾರೂ ಹೇಳಲಿಲ್ಲ. ಕೂದಲು, ಪಾಲು ಎರಡೂ ಬಾಕಿ.

ಉಪ್ಪಳ_ಎರಡನೇಕುರ್ಚಿ:

ದಿನಕ್ಕೆ 20 ಜನ, ಒಬ್ಬರಿಗೆ ಒಂದು ಎಂದು ಹಿಡಿದರೆ 20 ಟವೆಲ್. ಬೇಸಿಗೆಯಲ್ಲಿ ಅದೇ ದಿನ ಒಣಗುತ್ತದೆ, 45 ಸಾಕು. ಜೂನ್, ಜುಲೈಯಲ್ಲಿ ಎರಡು ದಿನ ಹಿಡಿಯುತ್ತದೆ, 70 ಬೇಕು. ದಪ್ಪದ ಬೈರಾಸು ಬೇಡ, ತೆಳ್ಳಗಿನದೇ ಬೇಗ ಒಣಗುವುದು. ಅರೆ ಒಣಗಿದ್ದನ್ನು ಮಡಚಿಟ್ಟರೆ ಮುಗ್ಗಲು ವಾಸನೆ, ಮತ್ತೆ ಎಷ್ಟು ಸೆಂಟು ಹೊಡೆದರೂ ಹೋಗುವುದಿಲ್ಲ. ಕುತ್ತಿಗೆಗೆ ಕಾಗದದ ಪಟ್ಟಿ ಬಳಸಿದರೆ ಕಟ್ಟಿಂಗಿಗೆ ಮಾತ್ರ ಬಂದವರಿಗೆ ಟವೆಲ್ ಬೇಡ.

ಕೂದಲು: ಸುಡಬೇಡಿ, ಅದರಲ್ಲಿ ಗಂಧಕ ಇರುವ ಕಾರಣ ಊರಿಡೀ ನಾರುತ್ತದೆ. ತೋಡಿಗೆ (ಹಳ್ಳಕ್ಕೆ) ಹಾಕಿದರೆ ದಂಡ ಖಂಡಿತ. ಹರಿತ ಕರ್ಮ ಸೇನೆಯವರು (ಪಂಚಾಯತಿನ ಪರವಾಗಿ ಮನೆ, ಅಂಗಡಿಗೆ ಬಂದು ಕಸ ಒಯ್ಯುವವರು) ಪ್ಲಾಸ್ಟಿಕ್ ಬಾಟಲಿ, ಪ್ಯಾಕೆಟ್ಟು ತೆಗೆದುಕೊಳ್ಳುತ್ತಾರೆ, ಅದಕ್ಕೆ ತಿಂಗಳ ಶುಲ್ಕ ಕಟ್ಟಿ ರಶೀದಿ ಇಟ್ಟುಕೊಳ್ಳಿ. ಕೂದಲಿನದು ಬೇರೆ ವಿಷಯ. ಒಯ್ಯುವ ಏಜೆನ್ಸಿ ಯಾವುದು ಎಂದು ಲೈಸೆನ್ಸಿಗೆ ಅರ್ಜಿ ಹಾಕುವಾಗಲೇ ಪಂಚಾಯತಿನಲ್ಲಿ ಕೇಳಿ. ಸ್ವಂತ ಅಡಿಕೆ ತೋಟ ಇದ್ದರೆ ಬುಡದಲ್ಲಿ ಕಣಿ ತೆಗೆದು ಸೆಗಣಿ ನೀರಿನೊಂದಿಗೆ ಮಣ್ಣಿನಡಿ ಹಾಕಬಹುದು. ಕೂದಲಿನಲ್ಲಿ ಶೇಕಡಾ 15ರ ಹತ್ತಿರ ಸಾರಜನಕ ಉಂಟು, ಆದರೆ ಕರಗುವುದು ಬಹಳ ನಿಧಾನ. ಮೇಲೆ ಹರಡಿದರೆ ಮೊದಲ ಮಳೆಗೇ ತೋಡು ಸೇರುತ್ತದೆ. ಡೈ ಹಾಕಿದ ಕೂದಲನ್ನು ತೋಟಕ್ಕೆ ಹಾಕಬೇಡಿ.

ಪಾಲಿನ ಲೆಕ್ಕ ಒಂದು ಉದಾಹರಣೆಯಲ್ಲಿ. ಕಟ್ಟಿಂಗಿಗೆ 120 ರೂಪಾಯಿ ಎಂದಿಟ್ಟುಕೊಳ್ಳಿ. ಅರ್ಧ ಪಾಲು ಕೆಲಸದವರಿಗೆ 60, ಬ್ಲೇಡು, ಪಟ್ಟಿ, ಸಾಬೂನು ಎಲ್ಲ 8, ಅಂಗಡಿಗೆ ಉಳಿದದ್ದು 52. ಬಾಡಿಗೆ, ಕರೆಂಟು, ಕಸ, ಸಣ್ಣಪುಟ್ಟ ರಿಪೇರಿ ಸೇರಿ ತಿಂಗಳಿಗೆ 14,000 ಆದರೆ ಆ ಕುರ್ಚಿ 270 ಕಟ್ಟಿಂಗ್ ಮಾಡಿದಾಗ ಖರ್ಚು ಸರಿಯಾಗುತ್ತದೆ. ಮಂಗಳವಾರ ರಜೆ ಕಳೆದು 26 ದಿನ, ಅಂದರೆ ದಿನಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು. ನಿಮ್ಮ ಕುರ್ಚಿಯದ್ದು ಆಗ ನಿಮ್ಮ ಸಂಬಳ. ಹೊಸ ಅಂಗಡಿಯಲ್ಲಿ ನಿಗದಿ ಸಂಬಳ ಭಾರ, ಪಾಲೇ ಒಳ್ಳೆಯದು. ಒಂದು ಷರತ್ತು: ಡೈ, ಫೇಶಿಯಲ್, ಸ್ಟ್ರೈಟನಿಂಗಿನಲ್ಲಿ ಸಾಮಾನಿನ ಖರ್ಚು ಮೊದಲು ಕಳೆದು ಉಳಿದದ್ದನ್ನು ಪಾಲು ಮಾಡುವುದು. ಬಾಯಿಮಾತಲ್ಲಿ ಬಿಟ್ಟರೆ ಮೂರನೇ ತಿಂಗಳಿಗೆ ಮನಸ್ತಾಪ.

ವರ್ಷವಿಡೀ ಒಂದೇ ಹಾಗೆ ವ್ಯಾಪಾರ ಇರುವುದಿಲ್ಲ. ರಂಜಾನಿನಲ್ಲಿ ಹಗಲು ಖಾಲಿ, ಕೆಲಸ ಎಲ್ಲ ರಾತ್ರಿ, ಪೆರ್ನಾಲಿನ (ಈದ್ ಹಬ್ಬದ) ಹಿಂದಿನ ದಿನ ಬೆಳಗಿನ ಜಾವದ ತನಕ. ಆಟಿಯಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ) ಮದುವೆ ಇಲ್ಲ. ವೃಶ್ಚಿಕದಿಂದ (ನವೆಂಬರ್ ನಡುವಿನಿಂದ) ಮಂಡಲದ 41 ದಿನ ಶಬರಿಮಲೆಗೆ ಮಾಲೆ ಹಾಕಿದವರು ಕತ್ತರಿ ಮುಟ್ಟಿಸುವುದಿಲ್ಲ, ಜನವರಿ ನಡುವಿನ ಮಕರವಿಳಕ್ಕು ಕಳೆದ ಮೇಲೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ಆದ್ದರಿಂದ ಕುರ್ಚಿಯ ಸಾಲದ ಕಂತನ್ನು ನವೆಂಬರಿನಲ್ಲಿ ಶುರು ಮಾಡಬೇಡಿ. ಜಿಎಸ್‌ಟಿ ನೋಂದಣಿ 20 ಲಕ್ಷ ವಹಿವಾಟು ದಾಟಿದರೆ ಮಾತ್ರ. ಸೆಲೂನಿನ ದರ 2025ರ ಸೆಪ್ಟೆಂಬರ್ 22ರಿಂದ 18ರ ಬದಲು 5 ಶೇಕಡಾ, ಇನ್‌ಪುಟ್ ಕ್ರೆಡಿಟ್ (ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆ ಕಳೆಯುವುದು) ಇಲ್ಲ.

ಬಣ್ಣದ_ಬಟ್ಟಲು (ನೀರ್ಚಾಲು):

ಡೈ ಹಚ್ಚುವ ಕ್ರಮ ಯಾರೂ ಹೇಳಲಿಲ್ಲ. ಡೈಗೆ ಬೆರೆಸುವ ಡೆವಲಪರಿನ ಬಾಟಲಿಯಲ್ಲಿ 20 ವಾಲ್ಯೂಮ್ ಎಂದರೆ 6 ಶೇಕಡಾ ಪೆರಾಕ್ಸೈಡ್, ಬಿಳಿ ಕೂದಲು ಮುಚ್ಚಲು ಅದು ಸಾಕು. 30, 40ಕ್ಕೆ ಹೋದರೆ ಬುಡ ಉರಿಯುತ್ತದೆ. ಅಳತೆ ಕಣ್ಣಂದಾಜು ಬೇಡ, ಗ್ರಾಮ್ ತಕ್ಕಡಿಯಲ್ಲಿ ತೂಗಿ. ಡೈಗೂ ಡೆವಲಪರಿಗೂ 1:1 ಎಂದಿದ್ದಲ್ಲಿ 1:2 ಮಾಡಿದರೆ ಬಣ್ಣ ತೆಳುವಾಗಿ ಎರಡು ವಾರಕ್ಕೆ ಮಾಸುತ್ತದೆ. ಹೊತ್ತು ಎಣಿಸುವುದು ಹಚ್ಚಿ ಮುಗಿಸಿದ ಮೇಲಿಂದ. 48 ಗಂಟೆ ಮೊದಲು ಕಿವಿಯ ಹಿಂದೆ ಪರೀಕ್ಷೆ ಮಾಡಿ. ಕಪ್ಪು ಮೆಹಂದಿ ಹಚ್ಚಿ ಅಭ್ಯಾಸ ಇದ್ದವರಲ್ಲಿ ಪಿಪಿಡಿ (ಕಪ್ಪು ಡೈಯ ರಾಸಾಯನಿಕ) ಅಲರ್ಜಿ ಇರಬಹುದು.

ಮತ್ತೆ ಮೇಲೆ ಹೇಳಿದ ಕೆಂಪು ನೀರು ಇಲ್ಲೂ ಬರುತ್ತದೆ. ವರ್ಷಗಟ್ಟಲೆ ಅದರಲ್ಲೇ ಮಿಂದ ತಲೆಗೆ ಬ್ಲೀಚ್ ಹಚ್ಚಿದರೆ ಕೂದಲಲ್ಲಿ ಕೂತ ಕಬ್ಬಿಣ ಪೆರಾಕ್ಸೈಡನ್ನು ಬೇಗ ಒಡೆಯುತ್ತದೆ, ಬಿಸಿಯಾಗುತ್ತದೆ, ಬಣ್ಣ ಪಟ್ಟೆಪಟ್ಟೆ ಬರುತ್ತದೆ. ಮೊದಲು ಲೋಹ ತೆಗೆಯುವ ಕೀಲೇಟಿಂಗ್ ಶಾಂಪೂ ಹಾಕಿ ತೊಳೆಯಿರಿ, ಕಿವಿಯ ಹಿಂದಿನ ನಾಲ್ಕು ಎಳೆಗೆ ಹಚ್ಚಿ ಅರ್ಧ ಗಂಟೆ ನೋಡಿ. ಬಿಸಿಯಾದರೆ ಅವತ್ತು ಕಟ್ಟಿಂಗ್ ಮಾತ್ರ ಮಾಡಿ ಕಳಿಸಿ.