ಕೋಲ್ಮಿಂಚಿನಲ್ಲಿ ‘ಕೋಲ್’ ಎಲ್ಲಿಂದ ಬಂತು?

ಪ್ರಶ್ನೆ: ಮೇಡಂ, ನಮಸ್ಕಾರ. ಮಗಳ ಪಾಠದಲ್ಲಿ ‘ಕೋಲ್ಮಿಂಚು’ ಅಂತ ಬಂದಿದೆ. ಮಿಂಚು ಗೊತ್ತು, ಈ ‘ಕೋಲ್’ ಏನು? ಸಿಡಿಲು ಬಡಿದು ಜನ ಸಾಯ್ತಾರಲ್ಲ, ಅದಕ್ಕೇ ‘ಕೊಲ್ಲುವ ಮಿಂಚು’ ಅಂತ ನಮ್ಮ ಮನೆಯವರ ವಾದ. ಸರಿಯಾ?

ಉತ್ತರ: ಊಹೆ ಚೆನ್ನಾಗಿದೆ, ಆದರೆ ಸ್ವರ ಒಪ್ಪೋದಿಲ್ಲ. ಕೊಲ್ಲು, ಕೊಲೆ, ಕೊಲೆಗಡುಕ ಎಲ್ಲದರಲ್ಲೂ ‘ಕೊ’ ಹ್ರಸ್ವ. ಇಲ್ಲಿರುವುದು ದೀರ್ಘ. ಅದೂ ಅಲ್ಲದೆ ಕನ್ನಡದಲ್ಲಿ ಬಡಿಯುವುದು, ಕೊಲ್ಲುವುದು ಎಲ್ಲ ಸಿಡಿಲಿನ ಕೆಲಸ. ಮಿಂಚು ಬರೀ ಹೊಳೆಯುತ್ತದೆ.

ಇದು ನಾವು ಕೈಯಲ್ಲಿ ಹಿಡಿಯುವ ಕೋಲೇ. ಮೋಡದೊಳಗೇ ಪಕ್ಕನೆ ಹರಡಿ ಆರಿಹೋಗುವ ಬೆಳಕು ಒಂದು ಬಗೆ. ಬಾನಿನಲ್ಲಿ ನೀಳವಾಗಿ ಗೆರೆ ಎಳೆದ ಹಾಗೆ ಕಾಣುವುದು ಇನ್ನೊಂದು. ಆ ಗೆರೆ ಮಿಂಚೇ ಕೋಲ್ಮಿಂಚು. ಹಂಚಿನ ಮನೆಯ ಬೆಳಕಿಂಡಿಯಿಂದ ಒಳಗೆ ಬೀಳುವ ಬಿಸಿಲನ್ನು ನೋಡಿದ್ದೀರಲ್ಲ, ಸಣ್ಣ ಧೂಳು ಅದರೊಳಗೆ ತೇಲಾಡುತ್ತಿರುತ್ತದೆ, ಅದಕ್ಕೂ ನಮ್ಮವರು ‘ಬಿಸಿಲುಕೋಲು’ ಎಂದೇ ಹೆಸರಿಟ್ಟರು. ಹಳಗನ್ನಡದಲ್ಲಿ ‘ಕೋಲ್’ ಅಂದರೆ ಬಾಣ ಎಂಬ ಅರ್ಥವೂ ಇದೆ. ಮಿಂಚಿನ ವೇಗಕ್ಕೆ ಅದೂ ಹೊಂದುತ್ತದೆ. ಆದರೂ ಬಿಸಿಲುಕೋಲು ಪಕ್ಕದಲ್ಲೇ ಇರುವಾಗ ನನ್ನ ಒಲವು ‘ನೀಳ ಗೆರೆ’ ಎಂಬ ಅರ್ಥದ ಕಡೆಗೇ.

ಪ್ರಶ್ನೆ: ಹಾಗಾದ್ರೆ ‘ಕೋಲುಮಿಂಚು’ ಅಂತ ಯಾಕಿಲ್ಲ?

ಉತ್ತರ: ಹಳಗನ್ನಡದ ಎಷ್ಟೋ ಪದಗಳು ವ್ಯಂಜನದಲ್ಲೇ ನಿಲ್ಲುತ್ತಿದ್ದವು: ಕೋಲ್, ಕಾಲ್, ಕಣ್, ಮುಗುಳ್. ಸುಮಾರು 12ನೇ ಶತಮಾನದ ಹೊತ್ತಿಗೆ ಕೊನೆಗೆ ‘ಉ’ ಸೇರಿ ಕೋಲು, ಕಾಲು, ಕಣ್ಣು ಆದವು. ಜೋಡಿಪದಗಳೊಳಗೆ ಮಾತ್ರ ಹಳೆಯ ರೂಪ ಹಾಗೇ ಉಳಿದುಬಿಟ್ಟಿದೆ. ಕಾಲ್ನಡಿಗೆ, ಕಣ್ಮಣಿ, ಮುಗುಳ್ನಗೆ ಅಂತ ದಿನಾ ಹೇಳ್ತೀವಲ್ಲ, ಅದೇ ಸಾಲಿನದು ಇದು.

ಮತ್ತೊಬ್ಬರು: ಮೇಡಂ, ನಡುವೆ ಬಾಯಿ ಹಾಕ್ತಿದ್ದೀನಿ. ‘ಕಾಲ ಮಿಂಚಿಹೋಯ್ತು’ ಅನ್ನೋದೂ ಇದರಿಂದಲೇ ಬಂದಿದ್ದಾ? ಮಿಂಚಿನ ಥರ ಸರ್ರನೆ ಹೋಯ್ತು ಅಂತ?

ಉತ್ತರ: ಹಾಗೇ ಅನ್ನಿಸುತ್ತದೆ, ಆದರೆ ಅದು ಬೇರೆಯದೇ ಮಿಂಚು! ಆ ಕ್ರಿಯಾಪದಕ್ಕೆ ಮೀರು, ಹೆಚ್ಚಾಗು ಎಂದರ್ಥ. ಮಿಗು, ಮಿಗಿಲು, ಮಿಕ್ಕಿದ್ದು ಇವು ಅದರ ನೆಂಟರು. ತಮಿಳಿನಲ್ಲೂ ‘ಮಿಂಜು’ ಅಂದರೆ ಮೀರು. ‘ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ’ ಅಂದರೆ ಕೈಮೀರಿದ ಕೆಲಸಕ್ಕೆ ಎಂದು. ಹೊಳೆಯುವ ಮಿಂಚಿನ ಬಳಗ ಬೇರೆ: ಮಿನುಗು, ಮಿಣುಕು, ಮಿಣುಕುಹುಳು. ತಮಿಳು, ಮಲಯಾಳಂಗಳ ‘ಮಿನ್ನಲ್’ ಕೂಡ ಈ ಕಡೆಯದೇ. ಇವತ್ತು ಉಚ್ಚಾರ ಒಂದೇ ಆದ್ದರಿಂದ ಎರಡೂ ಕಲೆತಂತೆ ಕಾಣುತ್ತವೆ. ಪತ್ರಿಕೆಯ ಕ್ರೀಡಾಪುಟದಲ್ಲಿ ‘ಮಿಂಚಿದ ಆಟಗಾರ’ ಅಂತ ಬರೆದಾಗ ಹೊಳೆದನೋ, ಉಳಿದವರನ್ನು ಮೀರಿಸಿದನೋ? ಅಲ್ಲಿ ಎರಡೂ ಸಲ್ಲುತ್ತದೆ ಬಿಡಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಪರೀಕ್ಷೆಲಿ ಬಿಡಿಸಿ ಬರೀರಿ ಅಂದ್ರೆ?

ಉತ್ತರ: ‘ಕೋಲಿನಂತಹ ಮಿಂಚು’, ಕರ್ಮಧಾರಯ ಸಮಾಸ. ಒತ್ವ ಹಾಕುವಾಗ ದೀರ್ಘ ಮರೆಯಬೇಡ ಅಂತ ಮಗಳಿಗೆ ಹೇಳಿ, ಇಲ್ಲದಿದ್ದರೆ ನಿಮ್ಮ ಮನೆಯವರೇ ಗೆಲ್ತಾರೆ.